ಹಳೇ ಜಾಗದಲ್ಲೊಂದು ಚೀಟಿ

ನಮ್ಮ ಕಾಕಾನಿಗೆ ಮನುಷ್ಯರಿಗಿಂತ ಫೈಲುಗಳ ಮೇಲೆ ಪ್ರೀತಿ ಹೆಚ್ಚು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಫೈಲುಗಳ ಮೇಲೂ ಅವರಿಗೆ ಪ್ರೀತಿಯಿಲ್ಲ. ಅವರ ಪ್ರೀತಿಯೆಲ್ಲ ಫೈಲಿನ ಮೇಲೆ ಬರೆದ ಹೆಸರಿನ ಮೇಲೆ! ಒಳಗೆ ಜಮೀನಿನ ತಕರಾರು ಇರಲಿ, ಜಿರಲೆ ಇರಲಿ, ಮೇಲಿನ ಹೆಸರು ನೆಟ್ಟಗಿದ್ದರೆ ಅವರಿಗೆ ಅವತ್ತು ಊಟ ರುಚಿಸುತ್ತದೆ. ಇಂಥವರ ಅಣ್ಣನ ಮಗನಾಗಿ ಹುಟ್ಟಿದ್ದು ನನ್ನ ಹಣೆಬರಹ. ಓದಲು ಬರುವಂತಿದ್ದರೆ ಅದನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿರುತ್ತಿದ್ದರು.

ಕಾಕಾ ಸುರಪುರದ ಒಂದು ಸರಕಾರಿ ಕಚೇರಿಯಲ್ಲಿ ಹಳೇ ಕಾಗದ ಕಾಯುವ ಕೆಲಸ ಮಾಡಿ ನಿವೃತ್ತರಾದವರು. ಆ ದಫ್ತರದಲ್ಲಿ ಅವರು ಕಲಿತದ್ದು ಒಂದೇ ಧರ್ಮ. ಫೈಲನ್ನು ಒಂದು ಕಪಾಟಿನಿಂದ ಇನ್ನೊಂದಕ್ಕೆ ಎತ್ತಿಟ್ಟರೆ, ಹಳೇ ಜಾಗದಲ್ಲಿ 'ಇಂಥ ಕಡೆ ಇದೆ' ಎಂದು ಚೀಟಿ ಇಡಬೇಕು. "ಚೀಟಿ ಇಡದ ಫೈಲ್ ಎತ್ತಿದ್ರ ಅದು ಕಳವು ಮಾಡಿದಂಗ" ಎನ್ನುತ್ತಾರೆ. ನಿವೃತ್ತಿಯ ಮರುದಿನವೇ ಈ ಧರ್ಮ ಮನೆಗೆ ಬಂತು. ಉಪ್ಪಿನ ಡಬ್ಬಿ ಎಡಗಡೆಯಿಂದ ಬಲಗಡೆಗೆ ಸರಿದರೆ ಎಡಗಡೆ ಒಂದು ಚೀಟಿ. ತಾವು ಕಟಿಂಗ್ ಅಂಗಡಿಗೆ ಹೋದರೆ ಕುರ್ಚಿಯ ಮೇಲೊಂದು ಚೀಟಿ. ಬಾಡಿಗೆ ಮನೆ ಬಿಟ್ಟು ಎರಡು ಓಣಿ ಆಚೆ ಸ್ವಂತ ಮನೆಗೆ ಹೋದಾಗ ಹಳೇ ಮನೆಯ ಬಾಗಿಲಿಗೂ ಹಚ್ಚಿದರು. ಅಲ್ಲಿಗೆ ಬಂದ ಹೊಸ ಬಾಡಿಗೆದಾರ ಅದನ್ನು ಹರಿದ. ಕಾಕಾ ಮತ್ತೆ ಹಚ್ಚಿದರು. ಒಂದು ವರ್ಷ ಹೀಗೇ ನಡೆದು ಕೊನೆಗೆ ಆ ಪುಣ್ಯಾತ್ಮನೇ ಮನೆ ಖಾಲಿ ಮಾಡಿದ. ಚೀಟಿ ಹಚ್ಚದೆ ಹೋದನೆಂದು ಕಾಕಾಗೆ ಅವನ ಮೇಲೆ ಇವತ್ತಿಗೂ ಸಿಟ್ಟಿದೆ.

"ನಾಳೆ ನಾ ಸತ್ರ ನನ್ನ ಜಾಗದಾಗೂ ಒಂದು ಚೀಟಿ ಹಚ್ಚತಾರ ನೋಡಪ" ಎಂದರು ಒಮ್ಮೆ ನಮ್ಮ ಕಾಕಿ.

"ಏನಂತ ಬರೀತಾರ್ರಿ?"

"ಎಲ್ಲಿಗಿ ಹೋಗ್ಯಾಳ ಅನ್ನೋದು ಖಾತ್ರಿ ಆಗೋತನಕ ಬರಿಯಂಗಿಲ್ಲ ಬಿಡು."

ನಾನು ಯಾದಗಿರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಯಾದಗಿರಿ, ಶಹಾಪುರ, ಸುರಪುರದ ನಾವು ಏಳೆಂಟು ಜನ ಸೇರಿ ಕೆಲ ವರ್ಷಗಳ ಹಿಂದೆ ಒಂದು ಜಾಲತಾಣ ಶುರು ಮಾಡಿದೆವು. ವೆಬ್‌ಸೈಟುಗಳಲ್ಲಿ ಎಂತೆಂಥ ತೂತು ಉಳಿಯುತ್ತವೆ, ಕಳ್ಳರು ಹೇಗೆ ನುಗ್ಗುತ್ತಾರೆ, ಮುಚ್ಚುವುದು ಹೇಗೆ ಎಂಬುದನ್ನೆಲ್ಲ ಕನ್ನಡದಲ್ಲಿ ಬರೆದಿಡುವ ತಾಣ. ನಮ್ಮಲ್ಲಿ ಯಾರು ಬೇಕಾದರೂ ಪುಟ ಬರೆಯಬಹುದು, ಇನ್ನೊಬ್ಬರು ತಿದ್ದಬಹುದು. ಒತ್ತು, ದೀರ್ಘ ಸರಿ ಮಾಡಲು ಒಬ್ಬರು ಬೇಕಿತ್ತು. ನಿವೃತ್ತರಾಗಿ ಮನೆಯಲ್ಲಿ ಡಬ್ಬಿ ಸರಿಸುತ್ತಿದ್ದ ಕಾಕಾನನ್ನು ಕರೆತಂದವನು ನಾನೇ. ಓಣಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು.

ಕಾಕಾ ಒತ್ತನ್ನೂ ನೋಡಲಿಲ್ಲ, ದೀರ್ಘವನ್ನೂ ನೋಡಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಪುಟಗಳ ಹೆಸರು. ಒಂದೇ ತೂತಿನ ಬಗ್ಗೆ 'ಲಾಗಿನ್ ಸಮಸ್ಯೆ', 'ಲಾಗಿನ್ ಸಮಸ್ಯೆ ಹೊಸದು', 'ಲಾಗಿನ್ ಸಮಸ್ಯೆ ಇದೇ ಸರಿ' ಎಂದು ಮೂರು ಪುಟಗಳಿದ್ದವು. ನಾನು ಬರೆದ ಒಂದು ಪುಟದ ಹೆಸರು 'ಎಚ್ಚರ ಎಚ್ಚರ'. ಕಾಕಾ ಫೋನ್ ಮಾಡಿದರು.

"ಏನ್ ಬಂದದಪ, ಹಾವೋ ಚೇಳೋ?"

"ಫಾರ್ಮಿನ್ಯಾಗ ಕೋಡ್ ತುಂಬಿ ಡೇಟಾಬೇಸ್ ಒಡೀತಾರ್ರಿ ಕಾಕಾ."

"ಹಂಗಂತ ಹೆಸರಿಡು. ಹುಡುಕಾವ್ಗ ತನಗೇನಾಗ್ಯದ ಅನ್ನೋದು ಗೊತ್ತಿರ್ತದ. ನಿನ್ನ ಗಾಬರಿ ಗೊತ್ತಿರಂಗಿಲ್ಲ."

ತಿಂಗಳೊಳಗೆ ಅವರು ನಿಯಮಗಳದ್ದೇ ಒಂದು ಪುಟ ಬರೆದರು. ಹೆಸರಿನಲ್ಲಿ ಆಗುವುದೇನು ಎಂಬುದು ಇರಬೇಕು. ಹೊಸ, ಹಳೆ, ಕೊನೆಯ ಎಂಬ ಮಾತುಗಳು ಇರಕೂಡದು. ಪುಟದ ಹೆಸರು ಬದಲಿಸಿದರೆ ಹಳೇ ಹೆಸರಿನಲ್ಲಿ ಚೀಟಿ ಉಳಿಯಬೇಕು. ಈ ಕೊನೆಯದನ್ನು ತಾಣವೇ ತಾನಾಗಿ ಮಾಡುತ್ತದೆ, ಹಳೇ ಹೆಸರು ಹುಡುಕಿದವರನ್ನು ಹೊಸ ಪುಟಕ್ಕೆ ಕರೆದೊಯ್ಯುತ್ತದೆ ಎಂದು ನಾನು ತೋರಿಸಿಕೊಟ್ಟಾಗ ಕಾಕಾ ಗದ್ಗದಿತರಾದರು. "ನಮ್ಮ ದಫ್ತರದಾಗ ಕಲ್ತಾರ ಮಕ್ಕಳು" ಎಂದರು. ಆ ತಂತ್ರಾಂಶ ಬರೆದ ಅಮೆರಿಕದವರು ಸುರಪುರಕ್ಕೆ ಯಾವಾಗ ಬಂದು ಕಲಿತು ಹೋದರೋ ನನಗೆ ತಿಳಿಯದು.

ನಮ್ಮಿಬ್ಬರ ನಿಜವಾದ ಜಗಳ ಹತ್ತಿದ್ದು ಒಬ್ಬ ಗುಮಾಸ್ತನಿಂದ. ಕಡೇಚೂರಿನ ಕಡೆಯ ಯಾವುದೋ ಕಾರ್ಖಾನೆಯವನು. ಕಾರ್ಖಾನೆಯ ಹೆಸರನ್ನೇ ಪಾಸ್‌ವರ್ಡ್ ಮಾಡಿಟ್ಟಿದ್ದ. ಯಾರೋ ನುಗ್ಗಿ ಕಾರ್ಮಿಕರ ಹಾಜರಿಯನ್ನೆಲ್ಲ ಅಳಿಸಿಬಿಟ್ಟರು. ನಾನು ಪುಟ ಬರೆದು ಅವನ ಹೆಸರಿನ ಮುಂದೆ 'ಪಾಸ್‌ವರ್ಡ್' ಎಂದು ಸೇರಿಸಿ ಹೆಸರಿಟ್ಟೆ. ಎಲ್ಲರೂ ನಕ್ಕರು. ನನ್ನ ವಿದ್ಯಾರ್ಥಿಗಳ ಬಾಯಲ್ಲಿ ಅದು ಗಾದೆಯಾಯಿತು. ಎಂಟು ದಿನದಲ್ಲಿ ಕಾಕಾ ಬಸ್ಸು ಹತ್ತಿ ಯಾದಗಿರಿಗೆ ಬಂದರು.

"ಗುಂಡಿಗಿ ಹೆಸರಿಡು. ಬಿದ್ದಾವನ ಹೆಸರು ಇಡಬ್ಯಾಡ."

"ಮಂದಿಗಿ ನೆನಪ ಉಳೀತದ್ರಿ ಹಂಗಿಟ್ರ."

"ಅದಕ್ಕ ಬ್ಯಾಡ ಅನ್ನಾಕತ್ತೇನಿ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವನೋ ಅಜ್ಜ ಒಮ್ಮೆ ಬಾವಿಯಲ್ಲಿ ಚರಿಗೆ ಬೀಳಿಸಿಕೊಂಡಿರುತ್ತಾನೆ. ಬಾವಿ ಬತ್ತುತ್ತದೆ, ಅಜ್ಜ ಸಾಯುತ್ತಾನೆ, ಮೊಮ್ಮಗ ಪದವಿ ಮುಗಿಸಿ ಸೂಟು ಹಾಕಿಕೊಂಡು ಹೆಣ್ಣು ನೋಡಲು ಹೋದರೂ 'ಚರಿಗಿಯವರ ಹುಡುಗ ಬಂದಾನ' ಎನ್ನುತ್ತಾರೆ. ಇದೆಲ್ಲ ಗೊತ್ತಿದ್ದೂ ನಾನು ಸೋಲಲಿಲ್ಲ. ಕಾಕಾ ಅಂದೇ ಆ ಪುಟವನ್ನು 'ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್' ಎಂಬ ಹೆಸರಿಗೆ ಬದಲಿಸಿದರು. ಧರ್ಮದ ಪ್ರಕಾರ ಹಳೇ ಹೆಸರಿನಲ್ಲಿ ಚೀಟಿ ಉಳಿಯಿತು. ಗುಮಾಸ್ತನ ಹೆಸರು ಹುಡುಕಿದರೆ ಆಗಲೂ ನೆಟ್ಟಗೆ ಆ ಪುಟಕ್ಕೇ ಹೋಗುತ್ತಿತ್ತು. ಅದನ್ನು ಅವರ ಮುಂದೆ ತೆರೆದು ತೋರಿಸಿ ಕೇಳಿದೆ: "ಚೀಟಿ ಇಟ್ರಲ್ರಿ ಕಾಕಾ, ಆ ಮನಷ್ಯಾನ ಹೆಸರು ಹೋತೇನು?"

ಕಾಕಾ ಚಹಾ ಅರ್ಧಕ್ಕೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋದರು. ನಾನು ಗೆದ್ದೆನೆಂದು ವಾರಗಟ್ಟಲೆ ಬೀಗಿದೆ. ಥೂ, ಅದೂ ಒಂದು ಗೆಲುವು!

ಮುಂದಿನ ಸರದಿ ನನ್ನದಾಗಿತ್ತು. ನಮ್ಮ ಕಾಲೇಜಿನ ಪ್ರವೇಶಕ್ಕೆಂದು ವೆಬ್‌ಸೈಟು ಮಾಡಿಕೊಟ್ಟವನು ನಾನು. ಕೊಂಕಲ್‌ನ ಒಬ್ಬ ಹುಡುಗಿ ತನ್ನ ಅರ್ಜಿ ನೋಡಲು ಹೋಗಿ ವೆಬ್ ವಿಳಾಸದಲ್ಲಿ ಒಂದು ಅಂಕಿ ತಪ್ಪು ಒತ್ತಿದಳು. ಬೇರೊಬ್ಬ ಹುಡುಗಿಯ ಫೋಟೋ, ಫೋನ್ ನಂಬರು, ಮನೆ ವಿಳಾಸ ಎಲ್ಲ ಕಣ್ಣ ಮುಂದೆ ಬಂತು. ಅವಳು ಒಳ್ಳೆಯವಳು, ನೇರವಾಗಿ ಪ್ರಾಂಶುಪಾಲರಿಗೆ ಹೇಳಿದಳು. ಸುರಕ್ಷತೆ ಬೋಧಿಸುವವನ ವೆಬ್‌ಸೈಟಿನ ಗತಿ ಇದು! ಆ ಕೆಲಸವನ್ನು ನನ್ನಿಂದ ಕಿತ್ತುಕೊಂಡರು. ಅದು ನ್ಯಾಯವೇ, ನನಗೆ ದೂರಿಲ್ಲ.

ಮೂರನೇ ದಿನ ನಮ್ಮ ತಾಣದಲ್ಲೇ ಒಂದು ಹೊಸ ಪುಟ ಬಂತು. ಮೊದಲು ನನ್ನ ಹೆಸರು, ಮುಂದೆ 'ತೂತು'. ಬರೆದವನು ನನ್ನ ಜೊತೆ ಚಹಾ ಕುಡಿಯುವ ಏಳೆಂಟು ಜನರಲ್ಲಿ ಒಬ್ಬ. ಯಾರೆಂದು ಗೊತ್ತು, ಹೇಳುವುದಿಲ್ಲ. ಕ್ಯಾಂಟೀನಿನಲ್ಲಿ ನಾನು 'ತೂತಿನ ಸರ್' ಆದೆ. ಅದನ್ನೂ ನುಂಗುತ್ತಿದ್ದೆ. ಆದರೆ ಏಳನೇ ಕ್ಲಾಸಿನ ನನ್ನ ಮಗಳು ಶಾಲೆಯ ಕಂಪ್ಯೂಟರಿನಲ್ಲಿ ಅಪ್ಪನ ಹೆಸರು ಹುಡುಕಿ, ಮನೆಗೆ ಬಂದು ಕೇಳಿದಳು: "ಪಪ್ಪಾ, ನಿಮ್ಮ ತೂತು ಅಂದ್ರೇನ್ರಿ?" ಚರಿಗೆ ಮೊಮ್ಮಗನವರೆಗೂ ಹೋಗುವುದು ಹೇಗೆಂದು ನನಗೆ ಆಗ ತಿಳಿಯಿತು.

ಮರುದಿನ ಬೆಳಿಗ್ಗೆಯೇ ಸುರಪುರಕ್ಕೆ ಓಡಿದೆ. ಅಲ್ಲಿ ಇನ್ನೊಂದು ಪೆಟ್ಟು ಕಾದಿತ್ತು. ಕಾಕಾ ಆ ಪುಟಕ್ಕೆ ತಾವೇ ಕೂತು, ಒಂದು ಅಲ್ಪವಿರಾಮವನ್ನೂ ಬಿಡದೆ ನನ್ನ ತಪ್ಪನ್ನೆಲ್ಲ ವಿವರವಾಗಿ ತುಂಬುತ್ತಿದ್ದರು.

"ಆ ಪುಟ ತೆಗೀರಿ ಕಾಕಾ."

"ತಪ್ಪು ಇತ್ತಿಲ್ಲೋ?"

"ಇತ್ತು."

"ಹಂಗಾರ ಪುಟ ಇರ್ಲಿ. ನಾಳೆ ಇನ್ನೊಬ್ಬಾಂವ ಅದೇ ಗುಂಡ್ಯಾಗ ಬೀಳಬಾರ್ದು. ಹೆಸರು ನಿಯಮದ ಪ್ರಕಾರ ಬದಲ ಮಾಡ್ತೀನಿ."

"ಮತ್ತ ಚೀಟಿ?"

ಕಾಕಾ ಉಪ್ಪಿನ ಡಬ್ಬಿಯ ಕಡೆ ನೋಡುತ್ತ ಕೂತರು. ನನಗೆ ಅವರ ಧರ್ಮ ಗೊತ್ತಿತ್ತು. ಹೆಸರು ಹೋಗುತ್ತದೆ, ಚೀಟಿ ಉಳಿಯುತ್ತದೆ, ನನ್ನ ಹೆಸರು ಹುಡುಕಿದವರೆಲ್ಲ ಚೀಟಿ ಹಿಡಿದು ಅದೇ ಪುಟಕ್ಕೆ ಬರುತ್ತಾರೆ. "ನಿಮಗ ರಕ್ತಕ್ಕಿಂತ ಚೀಟಿ ದೊಡ್ಡದು" ಎಂದೆ. ಕಾಕಿ ತಂದ ಚಹಾ ಮುಟ್ಟಲಿಲ್ಲ. ಆರು ತಿಂಗಳು ಆ ಮನೆಗೆ ಹೋಗಲಿಲ್ಲ, ತಾಣವನ್ನೂ ತೆರೆಯಲಿಲ್ಲ. ಹಬ್ಬಕ್ಕೆ ಕಾಕಾ ಫೋನ್ ಮಾಡಿದರೂ ಎತ್ತಲಿಲ್ಲ. ಎಲ್ಲಿದ್ದೇನೆಂದು ಚೀಟಿಯನ್ನೂ ಇಡಲಿಲ್ಲ.

ಮೊನ್ನೆ ಪರೀಕ್ಷೆಯ ಪೇಪರು ತಿದ್ದುವ ಕಡೆ ಶಹಾಪುರದ ಮೇಡಂ ಸಿಕ್ಕರು. ನಮ್ಮ ತಾಣದ ಬೀಗದ ಕೈ ಇರುವುದು ಅವರ ಬಳಿ. ತಾಣ ಕೆಟ್ಟರೆ ರಿಪೇರಿ ಮಾಡುವವರೂ ಅವರೇ.

"ಬರಿಯೋದು ಯಾಕ ಬಿಟ್ರಿ ಸರ್?"

"ಹೆಂಗ ಬರೀಲ್ರಿ? ಹೆಸರು ಹುಡುಕಿದ್ರ ಅಲ್ಲಿ ನನ್ನ ತೂತು ಬರ್ತದ."

ಮೇಡಂ ನನ್ನ ಮುಖ ನೋಡಿದರು. ತಮ್ಮ ಫೋನಿನಲ್ಲಿ ನನ್ನ ಹೆಸರು ಒತ್ತಿ ನನ್ನ ಮುಂದೆ ಹಿಡಿದರು. 'ಈ ಹೆಸರಿನ ಪುಟ ಇಲ್ಲ' ಎಂದಿತ್ತು.

"ನಿಮಗ ಗೊತ್ತಿಲ್ಲೇನ್ರಿ? ನೀವು ಸುರಪುರಕ್ಕ ಹೋಗಿ ಬಂದ್ರಲ್ಲ, ಅವತ್ತ ಮಧ್ಯಾಹ್ನ ನಿಮ್ಮ ಕಾಕಾ ಫೋನ್ ಮಾಡಿದ್ರು. ಚೀಟಿ ಉಳೀಲಾರದಂಗ ಎತ್ತೋದು ಹೆಂಗ ಅಂತ ಕೇಳಿದ್ರು. ಅದು ನನ್ನ ಕಡಿಂದ ಅಷ್ಟ ಆಗ್ತದ. ಧ್ವನಿ ನಡಗಾಕತ್ತಿತ್ರಿ ಅವರದು, ಕಳವು ಮಾಡಾಕ ಬಂದವರಂಗ."

"ಏನಂದ್ರು?"

"ಮೊದ್ಲ ಆ ಕಡೇಚೂರು ಗುಮಾಸ್ತಂದು ತೆಗೀರಿ, ಅಂವ ಮೊದ್ಲ ಬಂದಾವ ಅಂದ್ರು. ಆಮ್ಯಾಲ ನಮ್ಮ ಹುಡುಗಂದು."

ಪೇಪರುಗಳನ್ನು ಅಲ್ಲೇ ಕಟ್ಟಿಟ್ಟು ಸುರಪುರದ ಬಸ್ಸು ಹತ್ತಿದೆ. ಕಾಕಾ ಎಂದಿನ ಕುರ್ಚಿಯಲ್ಲಿದ್ದರು, ಆರು ತಿಂಗಳಲ್ಲಿ ಆರು ವರ್ಷ ಮುಪ್ಪಾಗಿದ್ದರು. ಒಳಗೆ ಕಾಕಿ ಒಂದೊಂದೇ ಚೀಟಿ ಓದುತ್ತ ಸಕ್ಕರೆ ಡಬ್ಬಿ ಹುಡುಕುತ್ತಿದ್ದರು. ಇಷ್ಟು ದಿನ ನಾನು ಕುದ್ದದ್ದಕ್ಕೆ, ಫೋನ್ ಎತ್ತದೆ ಇದ್ದದ್ದಕ್ಕೆ ಕ್ಷಮಿಸಿ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಜಗಳವೇ.

"ನನಗ ಒಂದು ಮಾತು ಯಾಕ ಹೇಳಲಿಲ್ರಿ ಕಾಕಾ?"

ಕಾಕಾ ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸಿಕೊಂಡರು.

"ಹೇಳಿದ್ರ ಅದೂ ಒಂದು ಚೀಟಿ ಇಟ್ಟಂಗ ಆಗ್ತಿತ್ತಲೋ."