ನನ್ನ ಕಾಯಿಲೆ, ಜಯಮ್ಮನ ಹೆಸರಿನಲ್ಲಿ

ನಮ್ಮ ಕಡೆಯ ಗಂಡಸರು ತಮಗೆ ಬೇಕಾದ್ದನ್ನು ತಮ್ಮ ಹೆಸರಿನಲ್ಲಿ ಕೇಳುವುದಿಲ್ಲ. ಮದುವೆ ಊಟದ ಸಾಲಿನಲ್ಲಿ ಕುಳಿತವನಿಗೆ ಇನ್ನೊಂದು ಹೋಳಿಗೆ ಬೇಕಾದರೆ ಪಕ್ಕದವನ ಎಲೆ ತೋರಿಸಿ, "ಇವ್ರಿಗೊಂದು ಹಾಕಪ್ಪ, ಸಂಕೋಚ ಪಟ್ಕೋತಾವ್ರೆ" ಅನ್ನುತ್ತಾನೆ. ಬಡಿಸುವವನು ಇಬ್ಬರಿಗೂ ಹಾಕಿ ಮುಂದೆ ಹೋಗುತ್ತಾನೆ. ದೇವಸ್ಥಾನಕ್ಕೆ ಹೊರಟ ಟೆಂಪೋದಲ್ಲಿ ತನಗೆ ಅವಸರವಾದರೆ, "ಹೆಂಗಸ್ರವ್ರೆ, ಎಲ್ಲಾದ್ರೂ ಒಸಿ ನಿಲ್ಸಪ್ಪ" ಎಂದು ಡ್ರೈವರಿಗೆ ಕೂಗುತ್ತಾನೆ. ಗಾಡಿ ನಿಂತದ್ದೇ ತಡ, ತಾನೇ ಮೊದಲು ಇಳಿದು ಪೊದೆಯ ಹಿಂದಕ್ಕೆ ಓಡುತ್ತಾನೆ. ಹೆಂಗಸರು ಒಳಗೇ ಕುಳಿತು ಕಡಲೆಕಾಯಿ ಬಿಡಿಸುತ್ತಿರುತ್ತಾರೆ.

ಈ ವಿದ್ಯೆಯನ್ನು ನಾನು ಬೇರೆಯವರಲ್ಲಿ ಬೇಗ ಕಂಡುಹಿಡಿಯುತ್ತೇನೆ. ಸಾತನೂರಿನಲ್ಲಿ ನನ್ನದು ಮೋಟಾರ್ ರಿಪೇರಿ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಸುಟ್ಟ ತಂತಿ ಬಿಚ್ಚಿ ಹೊಸ ತಂತಿ ಸುತ್ತುವುದನ್ನು ಕಲಿತೆ. ಕೈಯಾರೆ ದುಡಿದು ಅಂಗಡಿ ಕಟ್ಟಿದೆ, ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಮೋಟಾರ್ ಹೊತ್ತು ತರುವ ರೈತ ಯಾವನೂ ತಾನು ಸುಟ್ಟೆ ಅನ್ನುವುದಿಲ್ಲ. "ನಮ್ ತಮ್ಮ ಸ್ವಿಚ್ ಹಾಕ್ದ" ಅನ್ನುತ್ತಾನೆ. ತಮ್ಮನೇ ಇಲ್ಲದವರೂ ಹೀಗೆ ಹೇಳಿದ್ದುಂಟು. ನಾನು ಮೀಸೆಯಡಿ ನಗುತ್ತಿದ್ದೆ. ಹೌದು, ಆಗ ಮೀಸೆ ಇತ್ತು. ಊರಲ್ಲಿ ಇಬ್ಬರು ರಾಜಣ್ಣರಿದ್ದುದರಿಂದ ನನ್ನನ್ನು ಮೀಸೆ ರಾಜಣ್ಣ ಎಂದೇ ಕರೆಯುತ್ತಿದ್ದರು.

ಹೋದ ವರ್ಷ ಎಡ ಎದೆಯ ತೊಟ್ಟಿನ ಕೆಳಗೆ ಒಂದು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಕೀವಿಲ್ಲ. ಮೋಟಾರ್ ಎತ್ತುವಾಗ ತಗುಲಿರಬೇಕು ಎಂದುಕೊಂಡು ಬಿಟ್ಟುಬಿಟ್ಟೆ. ಸ್ನಾನದ ದಿನ ಬೆನ್ನು ಉಜ್ಜಲು ಬಂದ ನನ್ನ ಹೆಂಡತಿ ಜಯಮ್ಮ ಬಿಡಲಿಲ್ಲ. ಆಸ್ಪತ್ರೆಗೆ ಎಳೆದೊಯ್ದಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು, "ಸ್ತನದ ಕ್ಯಾನ್ಸರ್" ಅಂದರು. ನಾನು ಹಿಂದಕ್ಕೆ ತಿರುಗಿ ಜಯಮ್ಮನನ್ನು ನೋಡಿದೆ. ಡಾಕ್ಟರು, "ಅವರಿಗಲ್ಲ, ನಿಮಗೆ. ಗಂಡಸರಿಗೂ ಬರುತ್ತೆ, ಅಪರೂಪ" ಅಂದರು. ಅಪರೂಪ ಅನ್ನುವ ಮಾತು ಕೇಳಿ ಒಂದು ಕ್ಷಣ ಹೆಮ್ಮೆಯಾದದ್ದನ್ನು ಮುಚ್ಚಿಡುವುದಿಲ್ಲ. ಆ ಹೆಮ್ಮೆ ಮೆಟ್ಟಿಲು ಇಳಿಯುವಷ್ಟರಲ್ಲಿ ಇಳಿಯಿತು.

ಆಪರೇಷನ್ ಆಯಿತು. ಊರಿಗೆ "ಕೊಬ್ಬಿನ ಗಂಟು, ತೆಗೆಸಿದೆ" ಎಂದು ಸಾರಿದೆ. ಊರು ನಂಬಿತು. ತೊಂದರೆ ಬಂದದ್ದು ಡಾಕ್ಟರು "ಇನ್ನು ಕೀಮೋ ಶುರು ಮಾಡೋಣ" ಅಂದಾಗ. ಕೊಬ್ಬಿನ ಗಂಟಿಗೆ ಯಾರಿಗಾದರೂ ಕೂದಲು ಉದುರುತ್ತದೆಯೇ? ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂರುವ ಗೆಳೆಯರು ಏನನ್ನುತ್ತಾರೆ? "ಹೆಂಗಸ್ರ ಕಾಯ್ಲೆ ಬಂದೈತಂತೆ ಕಣ್ಲಾ" ಅನ್ನುವ ಮಾತು ಅವರ ಬಾಯಿಂದ ಬರುವ ಮೊದಲೇ ನನ್ನ ಕಿವಿಗೆ ಬಿತ್ತು. ಸಾಯುವ ಭಯವೂ ಇತ್ತು, ಅದನ್ನು ಈ ಭಯದ ಅಡಿಯಲ್ಲಿ ಮಡಚಿಟ್ಟಿದ್ದೆ. ಡಾಕ್ಟರಿಗೆ "ಯೋಚ್ನೆ ಮಾಡಿ ಹೇಳ್ತೀನಿ" ಎಂದು ಬಂದವನು, ಹೋಗುವುದೇ ಬೇಡ ಎಂದು ಮುಕ್ಕಾಲು ಪಾಲು ತೀರ್ಮಾನಿಸಿದ್ದೆ.

ಆಸ್ಪತ್ರೆಯ ನರ್ಸಮ್ಮ ನನ್ನ ಮುಖ ಓದಿರಬೇಕು. ಫೋನ್ ಮಾಡಿ, "ಕೀಮೋ ಮುಗಿಸಿದವರು ಕನಕಪುರದಲ್ಲಿ ತಿಂಗಳಿಗೊಂದು ಭಾನುವಾರ ಸೇರ್ತಾರೆ. ಶುರು ಮಾಡೋ ಮೊದಲು ಅವರ ಹತ್ರ ಮಾತಾಡಿ" ಅಂದರು. "ಗಂಡಸರಿದ್ದಾರಾ?" ಅಂದೆ. "ನೀವು ಹೋದರೆ ಇರ್ತಾರೆ" ಅಂದರು.

ಜಯಮ್ಮ ಭಾನುವಾರ ಬೆಳಿಗ್ಗೆಯೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು. ಬಸ್ಸಿನಲ್ಲಿ ನನಗೊಂದು ಉಪಾಯ ಹೊಳೆಯಿತು. "ನೋಡು ಜಯ, ಅಲ್ಲಿ ಕಾಯಿಲೆ ನಿಂದು ಅಂತ ಹೇಳಾನ. ನಾನು ಗಂಡನಾಗಿ ಎಲ್ಲಾ ವಿಚಾರಿಸ್ಕೊತೀನಿ."

ಅವಳು ತನ್ನ ತೊಡೆಯ ಮೇಲಿದ್ದ ಬ್ಯಾಗನ್ನು ನನ್ನ ತೊಡೆಗೆ ಸರಿಸಿದಳು. "ಆಯ್ತು. ಆದ್ರೆ ಕಾಯ್ಲೆಯೋಳು ಅಂದ್ಮೇಲೆ ನಾನು ಬ್ಯಾಗ್ ಹೊರಕ್ಕಿಲ್ಲ."

ಕಲ್ಯಾಣ ಮಂಟಪವೊಂದರ ಹಿಂದಿನ ಊಟದ ಹಾಲಿನಲ್ಲಿ ಹತ್ತಾರು ಹೆಂಗಸರು ಕುಳಿತಿದ್ದರು. ಮುಂದಾಳು ಕೋಡಿಹಳ್ಳಿಯ ನಿಂಗಮ್ಮ. ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ವಯಸ್ಸಾದ ಹೆಂಗಸು, ಗಂಟಲು ಮಾತ್ರ ಕೊಟ್ಟಿಗೆಯಿಂದ ಡೈರಿಯವರೆಗೂ ಕೇಳುವಂಥದ್ದು. ಪಕ್ಕದಲ್ಲಿ ಮಾಗಡಿಯ ಶೋಭಾ ಟೀಚರ್. ಕೀಮೋ ಮುಗಿದು ಕೂದಲು ಆಗಷ್ಟೇ ಗುಂಗುರು ಗುಂಗುರಾಗಿ ಬರುತ್ತಿತ್ತು. ಜಯಮ್ಮನನ್ನು ಕಂಡದ್ದೇ ಇಬ್ಬರೂ ಎದ್ದು ಬಂದು ಕೈಹಿಡಿದು, ದಿಂಬು ಹಾಕಿದ ಕುರ್ಚಿಯಲ್ಲಿ ಕೂರಿಸಿದರು. ಕಾಫಿ ಬಂತು, ಬಾಳೆಹಣ್ಣು ಬಂತು. ನಾನು ಬ್ಯಾಗ್ ಹಿಡಿದು ಬಾಗಿಲ ಬಳಿ ನಿಂತಿದ್ದೆ. ನನಗೆ ಬಂದದ್ದು ಬೈಗುಳ.

"ಏನಪ್ಪಾ, ಅಲ್ಲೇನು ಕಂಬದಂಗೆ ನಿಂತಿದ್ದೀಯ? ಇವತ್ತಿಂದ ಪಾತ್ರೆ ತೊಳ್ಯಾದು ನಿನ್ ಕೆಲ್ಸ. ಈ ಮಗೀನ ಕೈಲಿ ಒಂದು ಬಿಂದಿಗೆ ನೀರು ಹೊರಿಸ್ದೆ ಅಂತ ನನ್ ಕಿವಿಗೆ ಬೀಳ್ಬಾರ್ದು" ಅಂದರು ನಿಂಗಮ್ಮ.

"ಒಲೆ ಮುಂದೇನೂ ಅವರೇ ಕೂರ್ಲಿ ಅಕ್ಕ" ಅಂದಳು ಜಯಮ್ಮ, ಅದೆಲ್ಲಿಂದಲೋ ಒಂದು ಸೋತ ದನಿ ತಂದುಕೊಂಡು. ಎರಡನೇ ಬಾಳೆಹಣ್ಣು ಸುಲಿಯುತ್ತಿದ್ದಳು.

ನಾನು ಸಹಿಸಿಕೊಂಡು ಪ್ರಶ್ನೆ ಶುರು ಮಾಡಿದೆ. ಇವಳಿಗೆ ವಾಂತಿ ಬಂದರೆ? ಮೊದಲೇ ಮಾತ್ರೆ ಕೊಡುತ್ತಾರೆ, ತಡೆಯದಿದ್ದರೆ ಆಸ್ಪತ್ರೆಗೆ ಹೇಳಿ. ಇವಳ ಬಾಯಿ ಹುಣ್ಣಾದರೆ? ಉಪ್ಪುನೀರಿನಲ್ಲಿ ಮುಕ್ಕಳಿಸಿ, ಮೆತ್ತಗಿನ ಅನ್ನ ಉಣ್ಣಲಿ, ಖಾರ ಬೇಡ. ಜ್ವರ ಬಂದರೆ? ಇಲ್ಲಿ ಶೋಭಾ ಟೀಚರ್ ಬೆರಳೆತ್ತಿ ಪಾಠದ ಧ್ವನಿಯಲ್ಲಿ, "ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಫೋನ್ ಮಾಡಿ" ಅಂದರು. ಸೂಜಿ ಹಾಕಿಸಿಕೊಂಡ ಮಾರನೇ ದಿನ ಇವಳು ಅಂಗಡಿಗೆ, ಅಲ್ಲ, ಅಡಿಗೆಮನೆಗೆ ಹೋಗಬಹುದೇ? ಕೈಯಲ್ಲಿ ತಂತಿ, ಅಲ್ಲ, ದಾರ ಹಿಡಿಯುವುದಕ್ಕೆ ಆಗುತ್ತದೆಯೇ?

ನಿಂಗಮ್ಮ ತಲೆ ಓರೆ ಮಾಡಿ ನನ್ನನ್ನೇ ನೋಡತೊಡಗಿದರು. "ಅಲ್ಲಾ ಶೋಭಾ, ನನ್ ಗಂಡ ಆಸ್ಪತ್ರೆಗೆ ಬಂದು, ಕ್ಯಾಂಟೀನ್ ಎಲ್ಲೈತೆ ಅನ್ನೋದು ಬುಟ್ರೆ ಇನ್ನೇನೂ ಕೇಳ್ಲಿಲ್ಲ. ಹೆಂಡ್ರಿಗೋಸ್ಕರ ಇಷ್ಟು ಕೇಳೋ ಗಂಡಸ್ನ ನಾನು ಇಲ್ಲೀಗಂಟ ಕಂಡಿಲ್ಲ ಕಣವ್ವ."

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಗಂಟಲಲ್ಲೇ ಉಳಿದಿತ್ತು. "ತಲೆಗೂದಲು ಹೋಗುತ್ತೆ, ಸರಿ. ಮೀಸೆನೂ ಹೋಗುತ್ತಾ?"

ಹತ್ತಾರು ಹೆಂಗಸರು ಒಟ್ಟಿಗೆ ಜಯಮ್ಮನ ಮೇಲ್ದುಟಿಯನ್ನು ನೋಡಿದರು. ಆಮೇಲೆ ನನ್ನದನ್ನು ನೋಡಿದರು. ಮೊದಲು ನಕ್ಕವಳು ಜಯಮ್ಮನೇ. ಬಾಳೆಹಣ್ಣು ನೆತ್ತಿಗೇರಿ ಕೆಮ್ಮಿ, ಕಣ್ಣೊರೆಸಿಕೊಂಡು ನಕ್ಕಳು. ಒರೆಸಿಕೊಂಡ ಮೇಲೂ ಕಣ್ಣು ತುಂಬುತ್ತಲೇ ಇತ್ತು. ಅದು ನಗುವಲ್ಲ ಎಂದು ನನಗೆ ತಡವಾಗಿ ತಿಳಿಯಿತು. "ಕೀಮೋಗೆ ಹೋಗಾಕಿಲ್ಲ ಅಂತಾವ್ರೆ ಅಕ್ಕ" ಅಂದಳು. "ಮೀಸೆಗೋಸ್ಕರ ಜೀವ ಕಳ್ಕೊಳ್ಳಾಕೆ ಕುಂತವ್ರೆ. ನೀವಾದ್ರೂ ಹೇಳಿ."

ಯಾರೂ ನನ್ನನ್ನು ಆಡಿಕೊಳ್ಳಲಿಲ್ಲ. ನಿಂಗಮ್ಮ ಎದ್ದು ಬಂದು ನನ್ನ ಕೈಯಿಂದ ಬ್ಯಾಗ್ ಕಿತ್ತುಕೊಂಡು, ಜಯಮ್ಮ ಎದ್ದು ಬಿಟ್ಟುಕೊಟ್ಟ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. "ಈಗ ಕೇಳ್ಲಾ ಮಗ. ನಿನ್ ಹೆಸರ್ನಾಗೆ ಕೇಳು."

ಅಷ್ಟು ಹೊತ್ತು ಪಟಪಟನೆ ಬರುತ್ತಿದ್ದ ಪ್ರಶ್ನೆಗಳೆಲ್ಲ ಎಲ್ಲೋ ಹೋದವು. "ಹೆದ್ರಿಕೆ ಆಯ್ತೈತೆ ಕಣಕ್ಕ" ಅಂದೆ. ಅದು ಪ್ರಶ್ನೆಯೇ ಅಲ್ಲ. ಆದರೂ ಉತ್ತರ ಬಂತು.

"ಆಗ್ದೆ ಇರ್ತದಾ? ಮೊದಲ್ನೇ ಕೀಮೋ ಮುಗೀತಿದ್ದಂಗೆ ಇನ್ನೊಂದ್ಸಲ ಬರಾಕಿಲ್ಲ ಅಂತ ನಾನು ಕೊಟ್ಟಿಗೇಲಿ ಹಸೀನ ಹಿಂದೆ ಅವಿತ್ಕೊಂಡಿದ್ದೆ. ನನ್ ಜೊತೇಲೇ ಸೂಜಿ ಹಾಕಿಸ್ಕೋತಿದ್ದ ಈ ಟೀಚರಮ್ಮ ಮಾಗಡಿಯಿಂದ ಬಂದು, ಸಗಣಿ ತುಳ್ಕೊಂಡು ಒಳಕ್ಕೆ ನುಗ್ಗಿ ಎಳ್ಕೊಂಡೋದ್ಲು. ನೀನೂ ಅವಿತ್ಕೊ, ಬೇಡ ಅನ್ನಲ್ಲ. ನಾನ್ ಬತ್ತೀನಿ."

ಆ ಗಂಟಲು ಸಾತನೂರಿಗೆ ಬಂದು ನನ್ನ ಅಂಗಡಿ ಮುಂದೆ ಕೂಗುವುದನ್ನು ನೆನೆಸಿಕೊಂಡೆ. ಅದಕ್ಕಿಂತ ಕೀಮೋ ವಾಸಿ ಅನ್ನಿಸಿತು. ಆ ವಾರವೇ ಹೋದೆ. ಬಾಟಲಿಯಿಂದ ಔಷಧಿ ಹನಿ ಹನಿಯಾಗಿ ಇಳಿಯುತ್ತಿರುವಾಗ ನಿಂಗಮ್ಮನ ಫೋನ್ ಬಂತು. "ಓಡೋಗಿಲ್ಲ ತಾನೇ?" ಪ್ರತಿ ಸಲವೂ ಅದೇ ಪ್ರಶ್ನೆ. ಬಾಯಿ ಹುಣ್ಣಾಯಿತು, ಉಪ್ಪುನೀರು ಮುಕ್ಕಳಿಸಿದೆ. ಒಂದು ರಾತ್ರಿ ಜ್ವರ ಬಂತು, ಟೀಚರ್ ಎತ್ತಿದ ಬೆರಳು ನೆನಪಾಗಿ ಆಗಲೇ ಫೋನ್ ಮಾಡಿದೆ. ಮೀಸೆಯೂ ಹೋಯಿತು. ಮೇಲ್ದುಟಿ ನೋಡಿಕೊಂಡರೆ ಮದುವೆಗೆ ಮುಂಚಿನ ಯಾವನೋ ಕನ್ನಡಿಯಲ್ಲಿ ನಿಂತಂತಿತ್ತು.

ಅಂಗಡಿ ಮುಂದಿನ ಗೆಳೆಯರು ನೋಡಿ, "ಏನ್ಲಾ ಇದು ಅವತಾರ?" ಅಂದರು. ಇದ್ದದ್ದನ್ನು ಇದ್ದಂತೆ, ನನ್ನ ಹೆಸರಿನಲ್ಲೇ ಹೇಳಿದೆ. ಯಾರೂ ನಗಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಒಬ್ಬ ಮಾತ್ರ ಉಳಿದ. ರಿಪೇರಿಯಾದ ಮೋಟಾರಿನ ಸುತ್ತ ಎರಡು ಸುತ್ತು ಬಂದ. "ನಮ್ ಬಾಮೈದಂಗೆ ಎದೇಲಿ ಒಂದು ಗಂಟು ಐತಂತೆ ಕಣ್ಲಾ. ಕೇಳ್ಕೊಂಡ್ ಬಾ ಅಂದ."

ಅವನ ಬಲಗೈ ತಾನಾಗಿಯೇ ಅಂಗಿಯ ಜೇಬಿನ ಮೇಲೆ ಹೋಗಿ ಕುಳಿತಿತ್ತು.

"ನಾಳೆ ಬೆಳಿಗ್ಗೆ ಬಾಮೈದನ್ನ ಡಾಕ್ಟ್ರ ತಾವ ಕರ್ಕೊಂಡೋಗು" ಅಂದೆ. "ಅವನು ಬರಾಕಿಲ್ಲ ಅಂದ್ರೆ ನೀನೇ ಹೋಗ್ಬುಡು. ಜೊತೆಗೆ ನಾನ್ ಬತ್ತೀನಿ."

ಹೀಗೆ ಇನ್ನೊಬ್ಬನಿಗೆ ಬುದ್ಧಿ ಹೇಳಿದ ಹುಮ್ಮಸ್ಸಿನಲ್ಲಿ ಮನೆಗೆ ಬಂದು ಊಟಕ್ಕೆ ಕುಳಿತೆ. ಎಷ್ಟೋ ತಿಂಗಳ ಮೇಲೆ ಅವತ್ತು ಅವರೆಕಾಳಿನ ಸಾರು ನಾಲಿಗೆಗೆ ಸಾರಿನ ಹಾಗೇ ಹತ್ತಿತು. ತಟ್ಟೆಯ ಮುದ್ದೆ ಖಾಲಿಯಾಯಿತು.

"ಜಯ" ಅಂದೆ, "ನೀನು ಇನ್ನರ್ಧ ಮುದ್ದೆ ಹಾಕ್ಕೊಳ್ಳೇ, ಸಂಕೋಚ ಪಟ್ಕೋಬೇಡ."

ಅವಳು ಅರ್ಧ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿ, ತನ್ನ ಖಾಲಿ ತಟ್ಟೆಯನ್ನೂ ನನ್ನ ಪಕ್ಕಕ್ಕೆ ಸರಿಸಿದಳು. "ನನ್ ಊಟ ಆಯ್ತು. ಪಾತ್ರೆ ನಿಮ್ದು. ನಿಂಗಮ್ಮಕ್ಕ ಹೇಳಿದ್ದು ಇನ್ನೂ ವಾಪಸ್ ತಕ್ಕಂಡಿಲ್ಲ."