ಹಳದಿ ಬೆಲ್ಟಿನ ಬಡ್ತಿ

ಅನುಮಾನ ನನ್ನ ಹುಟ್ಟುಗುಣ. ಹಾಲಿನವಳು ನಕ್ಕರೆ ಹಾಲನ್ನು ಎರಡು ಸಲ ನೋಡುತ್ತೇನೆ, ನಗದಿದ್ದರೆ ಮೂರು ಸಲ. ಶಹಾಪುರದಲ್ಲಿ ಕಾಲುವೆ ಕಚೇರಿಯ ಗುಮಾಸ್ತನಾದ ಮೇಲೆ ಈ ಗುಣ ಇನ್ನಷ್ಟು ಬಲಿಯಿತು. ಈ ಕಡೆಯ ಹೊಲಗಳಿಗೆ ಕಾಲುವೆ ನೀರು ಬಂದಾಗಿನಿಂದ ನನಗೆ ನಮಸ್ಕಾರ ಹೇಳುವವರು ಹೆಚ್ಚಾಗಿದ್ದಾರೆ. ಪ್ರತಿ ನಮಸ್ಕಾರದ ಹಿಂದೆಯೂ ಒಂದು ಅರ್ಜಿ ಇದ್ದೇ ಇರುತ್ತದೆಂದು ನಾನು ನಂಬಿದವನು. ಎಲ್ಲರಿಗೂ ನನ್ನದು ಒಂದೇ ಉತ್ತರ: "ಪರಿಶೀಲನ್ಯಾಗ ಅದರಿ." ಈ ಮಾತು ಕೇಳಿದವರು ಮರುಪ್ರಶ್ನೆ ಹಾಕಿದ್ದನ್ನು ನಾನು ಕಂಡಿಲ್ಲ.

ಇಂಥ ನಾನು ಹೊಟ್ಟೆ ಕರಗಿಸಲು ಶಾಲೆಯ ಮೈದಾನದಲ್ಲಿ ಬೆಳಗಿನ ಕರಾಟೆ ತರಗತಿಗೆ ಸೇರಿದೆ. ಕಲಿಸುವವರು ಬಸಣ್ಣ ಮಾಸ್ತರರು. ಕೆಂಭಾವಿ ಕಡೆಯವರು, ತೆಳ್ಳನೆಯ ಆಳು, ಮಾತು ಕಮ್ಮಿ. ಆರು ತಿಂಗಳಿಗೆ ಹಳದಿ ಬೆಲ್ಟು ಬಂತು. ಆಮೇಲೆ ಎರಡು ವರ್ಷವಾದರೂ ಬಣ್ಣ ಬದಲಾಗಲಿಲ್ಲ. ನನಗಿಂತ ಒಂದು ವರ್ಷ ತಡವಾಗಿ ಸೇರಿದ ನೀಲಮ್ಮ ಟೀಚರು ಹಸಿರು ಬೆಲ್ಟು ಕಟ್ಟಿಕೊಂಡು ನನ್ನ ಮುಂದೆಯೇ ನಿಲ್ಲುತ್ತಿದ್ದರು. ಕಚೇರಿಯಲ್ಲಾದರೆ ಸೇವಾ ಹಿರಿತನ ಅಂತ ಒಂದಿದೆ, ಇಲ್ಲಿ ಅದರ ಗಂಧವೇ ಇಲ್ಲ. ನೀಲಮ್ಮ ಟೀಚರು ಆಗಾಗ ಮಾಸ್ತರರಿಗೆ ರೊಟ್ಟಿ, ಶೇಂಗಾ ಚಟ್ನಿ ತರುವುದು ನನ್ನ ಕಣ್ಣಿಗೆ ಬಿತ್ತು. ಓಹೋ ಎಂದುಕೊಂಡು ನಾನೂ ಒಂದು ದಿನ ಎಣ್ಣೆಗಾಯಿ ಒಯ್ದೆ. ಮಾಸ್ತರರು ಚೆನ್ನಾಗಿ ಉಂಡು, ಕಾಲು ಇನ್ನೂ ಮೇಲೆತ್ತಬೇಕು ಅಂದರು. ಈ ಸಂಗತಿಯನ್ನು ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ, "ಕಾಮಾಲಿ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅಂತಾರ. ನಿಮಗ ಸೊಂಟಕ್ಕೂ ಹಳದಿ ಬಂದದ. ಸುಮ್ನ ಹೋಗಿ ಅವರನ್ನ ಕೇಳ್ರಿ," ಅಂದಳು.

ಕೇಳದೆ ಗತಿಯಿರಲಿಲ್ಲ. ತರಗತಿಯ ವಾರ್ಷಿಕ ಪ್ರದರ್ಶನ ಹತ್ತಿರ ಬಂದಿತ್ತು. ಅಲ್ಲಿ ಬೆಲ್ಟಿನ ಬಣ್ಣದ ಪ್ರಕಾರ ಸಾಲು. ಹಳದಿ ಸಾಲಿನಲ್ಲಿ ನನ್ನನ್ನು ಬಿಟ್ಟರೆ ಎಲ್ಲರೂ ಶಾಲೆಯ ನಾಲ್ಕನೇ ಇಯತ್ತೆಯ ಹುಡುಗಿಯರು, ನನ್ನ ಸೊಂಟದೆತ್ತರದವರು. ಮುಖ್ಯ ಅತಿಥಿಗಳು ನಮ್ಮ ಕಚೇರಿಯ ಎಂಜಿನಿಯರ್ ಸಾಹೇಬರು. ಮರುದಿನದಿಂದ ಕಚೇರಿಯಲ್ಲಿ ಮುಖ ಎತ್ತಿ ತಿರುಗುವುದು ಹೇಗೆ?

ಒಂದು ದಿನ ಎಲ್ಲರಿಗಿಂತ ಮೊದಲೇ ಮೈದಾನಕ್ಕೆ ಹೋದೆ. ಚಪ್ಪಲಿ ಬಿಟ್ಟು, ಬಗ್ಗಿ ವಂದಿಸಿ, ಅದೂ ಸಾಲದೆಂದು ಕೈಯನ್ನೂ ಮುಗಿದೆ. "ಸರ, ತಪ್ಪು ತಿಳೀಬ್ಯಾಡ್ರಿ. ನನ್ನ ಕಲಿಕ್ಯಾಗ ಏನ್ ಕಮ್ಮಿ ಅದ ಹೇಳಿದ್ರ ತಿದ್ದಿಕೋತೀನಿ. ಮುಂದಿನ ಬೆಲ್ಟಿಗಿ ನಾ ಯಾವಾಗ ಲಾಯಕ ಆಗ್ತೀನ್ರಿ?"

ಮಾಸ್ತರರು ನೆಲ ನೋಡುತ್ತ ನಿಂತರು. ಈಗ ಬರುತ್ತದೆ ಒಳಗಿನ ಮಾತು ಎಂದು ನಾನು ಕಿವಿ ನಿಮಿರಿಸಿದೆ. ಬಂತು.

"ಲಾಯಕ ಆಗಿ ವರ್ಷ ಆತ್ರಿ. ಆದ್ರ ನನ್ನ ಹೊಲಗಾಲುವಿ ರಿಪೇರಿ ಅರ್ಜಿ ನಿಮ್ಮ ಟೇಬಲ್ ಮ್ಯಾಲ ಅದ. ಈಗ ಬೆಲ್ಟು ಕೊಟ್ರ ನೀರಿನ ಸಲುವಾಗಿ ಕೊಟ್ಟಾನ ಅಂತ ನೀವ ಅನುಮಾನ ಪಡ್ತೀರಿ. ಅದು ಮುಗೀಲಿ ಅಂತ ಕಾಯಾಕತ್ತೀನಿ."

ಅಂದು ಕಚೇರಿಯ ಬೀಗ ತೆಗೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಅರ್ಜಿ ನನ್ನ ಕಡತಗಳ ರಾಶಿಯ ಅಡಿಯಲ್ಲಿ ಸಿಕ್ಕಿತು. ಕಾಲುವೆ ಒಡೆದಿದೆ, ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ, ದಯವಿಟ್ಟು ನೋಡಬೇಕು ಎಂದು ಮೂರೇ ಸಾಲು. ಅಂಚಿನಲ್ಲಿ 'ಪರಿಶೀಲಿಸಿ' ಎಂದು ನನ್ನದೇ ಅಕ್ಷರ. ಯಾರು ಪರಿಶೀಲಿಸಬೇಕೆಂದು ಬರೆದಿರಲಿಲ್ಲ, ಪರಿಶೀಲಿಸಬೇಕಾದವನೂ ನಾನೇ. ದಿನಾ ಬೆಳಿಗ್ಗೆ ಎದುರು ನಿಂತೂ ಆ ಮನುಷ್ಯ ಒಂದು ದಿನವೂ ಅದರ ಸುದ್ದಿ ಎತ್ತಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಕಡತವನ್ನು ಅವತ್ತೇ ಸಾಹೇಬರ ಮುಂದಿಟ್ಟು ಸಹಿ ಹಾಕಿಸಿದೆ. ಆದರೆ ಅದೇ ವಾರ ಹಸಿರು ಬೆಲ್ಟು ಕಟ್ಟಿಕೊಂಡರೆ ಊರವರು ಬಿಟ್ಟಾರೆಯೇ? ಅವರ ಜಾಗದಲ್ಲಿ ನಾನಿದ್ದರೆ ಖಂಡಿತ ಬಿಡುತ್ತಿರಲಿಲ್ಲ. ಹೊಲಕ್ಕೆ ನೀರು ಮುಟ್ಟುವ ತನಕ ನನಗೆ ಬೆಲ್ಟು ಬೇಡವೆಂದು ಮಾಸ್ತರರಿಗೆ ನಾನೇ ಹೇಳಿದೆ.

ಪ್ರದರ್ಶನದ ದಿನ ಹುಡುಗಿಯರ ನಡುವೆ ನಿಂತೆ. ಸಾಲು ನೋಡುತ್ತ ಬಂದ ಸಾಹೇಬರು ನನ್ನ ಮುಂದೆ ನಿಂತು, ಒಮ್ಮೆ ಮುಖ, ಒಮ್ಮೆ ಸೊಂಟ ನೋಡಿ, "ಏನ್ರೀ, ನಿಮ್ಮದಿನ್ನೂ ಹಳದೀನ?" ಎಂದರು.

"ಪರಿಶೀಲನ್ಯಾಗ ಅದರಿ, ಸರ," ಅಂದೆ.

ಅವರು ಮರುಪ್ರಶ್ನೆ ಹಾಕಲಿಲ್ಲ.