ಬಾಲ್ಕನಿಗೆ ಬಾಗಿದ ಸವತಿ

"ಸ್ವಲ್ಪ ಪಕ್ಕಕ್ಕೆ ಸರೀತೀಯಾ?"

ಬೆಳಗಿನ ಕಾಫಿಯ ಹೊತ್ತಿಗೆ ಗಂಡ ಆಡಿದ್ದು ಇಷ್ಟೇ ಮಾತು. ಅದರಿಂದಾಗಿ ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ಸೇರುವಂತಾಯಿತು.

ಮನೆಯಲ್ಲೇ ಕೇಕ್ ಮಾಡಿ ಮಾರುತ್ತಿದ್ದುದರಿಂದ ಬೀದಿಯವರು ಅವಳನ್ನು ಕೇಕಮ್ಮ ಎಂದೇ ಕರೆಯುತ್ತಿದ್ದರು. ಹಿಂದಿನ ಸಂಜೆ ಕೇಕಮ್ಮ ಎದುರು ಮನೆಯ ಪಾರ್ಲರಿಗೆ ಹೋಗಿ, ಕೂದಲನ್ನು ಭುಜದ ಮಟ್ಟಕ್ಕೆ ಕತ್ತರಿಸಿಕೊಂಡು, ಬಣ್ಣವನ್ನೂ ಹಾಕಿಸಿಕೊಂಡು ಬಂದಿದ್ದಳು. ರಾತ್ರಿ ಗಂಡ ಗಮನಿಸಲಿಲ್ಲ. ದೀಪದ ಬೆಳಕು ಸಾಲದೇನೋ ಎಂದು ಸಮಾಧಾನ ಮಾಡಿಕೊಂಡಳು. ಬೆಳಿಗ್ಗೆ ಬಾಲ್ಕನಿಯಲ್ಲಿ ಬಿಸಿಲು ತಲೆಯ ಮೇಲೆ ಸರಿಯಾಗಿ ಬೀಳುವ ಜಾಗ ಹುಡುಕಿ, ಕಾಫಿ ಲೋಟ ಹಿಡಿದು ಅವನ ಮುಂದೆಯೇ ನಿಂತಳು. ಗಂಡನದು ಕನ್ನಡಕದಂಗಡಿ. ಊರಿನವರನ್ನೆಲ್ಲ ಕೂರಿಸಿ "ಈ ಅಕ್ಷರ ಕಾಣುತ್ತಾ, ಆ ಅಕ್ಷರ ಕಾಣುತ್ತಾ" ಎಂದು ಕೇಳುವ ಮನುಷ್ಯ. ಅವನು ಕಣ್ಣೆತ್ತಿ ಅವಳತ್ತ ನೋಡಿದ. ಮದುವೆಯಾದ ಹೊಸತರಲ್ಲಿ ಹೊಡೆದುಕೊಂಡ ಹಾಗೆ ಅವಳ ಎದೆ ಹೊಡೆದುಕೊಂಡಿತು. ಬಂದದ್ದು ಮಾತ್ರ ಆ ಮಾತು.

ಅವಳು ಸರಿದಳು. ಅವಳ ಬೆನ್ನ ಹಿಂದೆ, ಬಾಲ್ಕನಿಯ ಕಂಬಿಗೆ ಗದ್ದ ಊರಿಕೊಂಡಂತೆ ಬಾಗಿ, ಒಂದು ಎಲೆಯೂ ಕಾಣದಷ್ಟು ಗುಲಾಬಿ ಬಣ್ಣದ ಹೂ ಹೊತ್ತು ನಿಂತಿತ್ತು ಬೀದಿಯ ಮರ.

"ಏನ್ ಚಂದ ಅಲ್ವೇನೇ!" ಅಂದ ಗಂಡ, ಕಾಫಿ ಆರುವುದನ್ನೂ ಮರೆತು.

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಕಾದದ್ದು ಆ ಒಂದು ಮಾತಿಗೆ. ಚಿನ್ನ ಕೇಳಲಿಲ್ಲ, ಪ್ರವಾಸ ಕೇಳಲಿಲ್ಲ. ಒಮ್ಮೆ, ಒಂದೇ ಒಂದು ಸಲ, ತನ್ನನ್ನು ನೋಡಿ "ಏನ್ ಚಂದ" ಅನ್ನಲಿ ಎಂದಷ್ಟೇ. ಈಗ ಆ ಮಾತು ಅವಳ ಕಿವಿಯ ಪಕ್ಕದಲ್ಲೇ ಹಾದು ಒಂದು ಮರಕ್ಕೆ ಹೋಗಿ ತಗುಲಿತು. ಹೆಣ್ಣಾಗಿದ್ದರೆ ಜಗಳವಾಡಬಹುದಿತ್ತು. ಇದು ಹಗಲಿಡೀ ಬಾಗಿಲಲ್ಲೇ ನಿಂತಿರುವ ಸವತಿ. ಅದಕ್ಕೆ ಕೂದಲಿಗೆ ಬಣ್ಣ ಹಾಕಿಸಿಕೊಳ್ಳುವ ಖರ್ಚೂ ಇಲ್ಲ.

ಅವಳು ಒಳಗೆ ಹೋಗಿ ಹಾಸಿಗೆಯ ದಪ್ಪ ಹೊದಿಕೆಗಳನ್ನೆಲ್ಲ ಒದ್ದೆ ಮಾಡಿ ತಂದು ಬಾಲ್ಕನಿಯ ಹಗ್ಗದ ತುಂಬ ಹರವಿದಳು. "ಬಿಸಿಲು ಚೆನ್ನಾಗಿದೆ" ಅಂದಳು. ಗಂಡ ಲೋಟ ಎತ್ತಿಕೊಂಡು ಎದ್ದು ಹೋದ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅವನ ದನಿ ಬಂತು. ಸಾಮಾನ್ಯವಾಗಿ ಅಡುಗೆಮನೆಯ ಹೊಸ್ತಿಲನ್ನೇ ದಾಟದ ಮನುಷ್ಯ ಅವನು.

"ಇಲ್ಲಿಂದ ಇನ್ನೂ ಚೆನ್ನಾಗಿ ಕಾಣುತ್ತೆ ಕಣೇ! ಇಷ್ಟು ದಿನ ಹೇಳ್ಲೇ ಇಲ್ವಲ್ಲ ನೀನು!"

ಅವನು ಅಂಗಡಿಗೆ ಹೋದ ಮೇಲೆ ಅವಳು ಕೇಕಿನ ಮುಂದೆ ಕೂತಳು. ಅಲ್ಲಿಯೂ ನೆಮ್ಮದಿ ಇರಲಿಲ್ಲ. ಸಂಜೆಗೆ ಕೊಡಬೇಕಾದ ಕೇಕಿಗೆ ಗಿರಾಕಿ ಕೇಳಿದ್ದು ಅವಳ ಹೆಸರುವಾಸಿ ಕ್ರೀಮಿನ ಗುಲಾಬಿಯನ್ನಲ್ಲ. "ನಿಮ್ಮನೆ ಮುಂದಿನ ಮರದಲ್ಲಿದೆಯಲ್ಲಾ, ಅದೇ ಹೂ ಬೇಕು, ಹಾಗೇ ಗೊಂಚಲು ಗೊಂಚಲಾಗಿ" ಎಂದಿದ್ದಳು. ಸವತಿಯ ಭಾವಚಿತ್ರವನ್ನು ತಾನೇ ಕೂತು ಬರೆಯಬೇಕು. ಒಂದು ಗೊಂಚಲು ಮುಗಿಸುವಷ್ಟರಲ್ಲಿ ಬೆರಳು ಸೋತವು. ಕಿಟಕಿಯ ಹೊರಗೆ ಮರ ಆಕಳಿಸುವಷ್ಟೇ ಸಲೀಸಾಗಿ ಇನ್ನೂ ನೂರು ಅರಳಿಸಿತ್ತು.

ಅವಳು ಫೋನ್ ಎತ್ತಿ ವಿದ್ಯುತ್ ಕಚೇರಿಗೆ ಹಚ್ಚಿದಳು.

"ನಮ್ಮ ಬೀದಿ ಮರದ ಕೊಂಬೆ ತಂತಿಗೆ ತಾಗ್ತಿದೆ. ಕಿಡಿ ಹಾರ್ತಿದೆ. ಬಾಲ್ಕನಿ ಕಡೆಗೆ ಬಾಗಿದೆಯಲ್ಲ, ಆ ಒಂದು ಕೊಂಬೆ ತೆಗೆದ್ರೆ ಸಾಕು" ಅಂದಳು. ಹೆಸರು ಹೇಳಲಿಲ್ಲ.

ಹೋದ ವರ್ಷ ಬೀದಿಗೆ ಬೀದಿಯೇ ಕತ್ತಲಲ್ಲಿದ್ದಾಗ ಎಷ್ಟು ಅಂಗಲಾಚಿದರೂ ಬಾರದಿದ್ದವರು, ಇವತ್ತು ಕ್ರೀಮು ಗಟ್ಟಿಯಾಗುವ ಮೊದಲೇ ಏಣಿ, ಗರಗಸದ ಸಮೇತ ಬಂದಿಳಿದರು. ಅವಳು ಕೈಗೂ ಮುಖಕ್ಕೂ ಮೆತ್ತಿದ್ದ ಕ್ರೀಮನ್ನೂ ಒರೆಸದೆ, ಏಪ್ರನ್ ಕಟ್ಟಿಕೊಂಡೇ, ಫೋನನ್ನು ಅದರ ಜೇಬಿಗೆ ತುರುಕಿಕೊಂಡು ಕೆಳಗಿಳಿದಳು, ಏನೂ ಗೊತ್ತಿಲ್ಲದವಳ ಹಾಗೆ.

ಲೈನ್‌ಮನ್ ಮರದ ಸುತ್ತ ಒಂದು ಸುತ್ತು ಬಂದು, "ಕಿಡಿ ಹಾರಿದೆ ಅಂದ್ಮೇಲೆ ಒಂದು ಕೊಂಬೆ ತೆಗೆದು ಸುಮ್ಮನಾಗೋ ಹಾಗಿಲ್ಲ. ತಲೆ ಪೂರ್ತಿ ಬೋಳಿಸಿಬಿಡ್ತೀವಿ" ಅಂದ.

ಕೇಕಮ್ಮನ ಎದೆ ಧಸಕ್ಕೆಂದಿತು. ಸವತಿಯ ಜಡೆ ಹಿಡಿದು ಎಳೆಯಬೇಕೆನಿಸಿತ್ತು, ನಿಜ. ಕತ್ತು ಕತ್ತರಿಸಬೇಕೆಂದು ಅವಳೆಂದೂ ಬಯಸಿರಲಿಲ್ಲ.

ಗರಗಸ ಕಂಡದ್ದೇ ಪಾರ್ಲರ್ ಅಕ್ಕ ಗಿರಾಕಿಯ ಅರ್ಧ ಹುಬ್ಬನ್ನು ಹಾಗೇ ಬಿಟ್ಟು ಓಡಿಬಂದಳು. ಕೆಳಮನೆಯ ನಿವೃತ್ತ ಮೇಷ್ಟ್ರು ಟವೆಲ್ಲು ಹೊದ್ದುಕೊಂಡೇ ಬಂದರು.

"ಯಾರ್ರೀ ದೂರು ಕೊಟ್ಟಿದ್ದು?" ಮೇಷ್ಟ್ರು ಗುಡುಗಿದರು. "ಇಂಥ ಹೂ ಕಡಿಸೋಕೆ ಕೈ ಬರಬೇಕಾದ್ರೆ ಎಂಥ ಹೊಟ್ಟೆಕಿಚ್ಚಿನ ಜೀವ ಇರಬೇಕು ಅದು!"

"ಹೌದು, ಯಾರಪ್ಪಾ ಅದು?" ಅಂದಳು ಕೇಕಮ್ಮ. ತನ್ನ ದನಿ ತನಗೇ ಗುರುತು ಸಿಗಲಿಲ್ಲ.

"ಯಾರೋ ಹೆಂಗಸು. ಹೆಸರು ಹೇಳಿಲ್ಲ, ನಂಬರ್ ಇದೆ" ಅಂದ ಲೈನ್‌ಮನ್.

"ಇದೆಯಾ? ಹಚ್ರೀ ಮತ್ತೆ! ಯಾರ ಹತ್ರ ಬಡ್ಕೊಳ್ಳುತ್ತೆ ಇಲ್ಲೇ ನೋಡೋಣ. ಎಲ್ರೂ ಸುಮ್ನಿರಿ!" ಅಂದರು ಮೇಷ್ಟ್ರು.

ಬೀದಿ ಗಪ್‌ಚಿಪ್ಪಾಯಿತು. ಲೈನ್‌ಮನ್ ಕಿವಿಗೆ ಫೋನ್ ಇಟ್ಟುಕೊಂಡ. ಕ್ರೀಮಿನ ಹೂ ಬಿಡಿಸುವಾಗ ಸದ್ದಾದರೆ ಕೈ ತಪ್ಪುತ್ತದೆಂದು ಅವಳು ತನ್ನ ಫೋನನ್ನು ನಡುಗುವ ಹಾಗೆ ಮಾತ್ರ ಇಟ್ಟಿದ್ದಳು. ಆದರೂ ಸಿಕ್ಕಿಬಿದ್ದ ಜೀರುಂಡೆಯಂತೆ ಅದು ಏಪ್ರನ್ನಿನ ಜೇಬಿನಲ್ಲಿ ಗುರ್ರೆನ್ನತೊಡಗಿತು. ಪಕ್ಕದಲ್ಲಿದ್ದ ಪಾರ್ಲರ್ ಅಕ್ಕ ಕಿವಿ ನಿಮಿರಿಸಿ ಇತ್ತ ತಿರುಗಿದಳು.

ಕೇಕಮ್ಮನಿಗೆ ಬೇರೆ ದಾರಿ ಹೊಳೆಯಲಿಲ್ಲ. ಒಂದೇ ಹಾರಿಗೆ ಹೋಗಿ ಮರವನ್ನು ಎರಡೂ ಕೈಯಿಂದ ಬಾಚಿ ತಬ್ಬಿ, ಫೋನು ಹೊಟ್ಟೆಗೂ ಕಾಂಡಕ್ಕೂ ನಡುವೆ ಅಪ್ಪಚ್ಚಿಯಾಗುವಂತೆ ಒತ್ತಿ, ಅದರ ಸದ್ದು ಮುಚ್ಚಲು ಗಂಟಲು ಹರಿಯುವಂತೆ ಕೂಗಿದಳು:

"ಮೊದಲು ನನ್ನ ಕಡೀರಿ! ಆಮೇಲೆ ಮರ!"

ಫೋನು ನಡುಗಿತು, ಜೊತೆಗೆ ಅವಳೂ ನಡುಗಿದಳು. ಮೇಲಿನಿಂದ ಹೂವು ಉದುರಿದವು.

"ಅಯ್ಯೋ, ನೋಡ್ರೀ, ಮೈಯೆಲ್ಲಾ ನಡುಗ್ತಿದೆ ಪಾಪ!" ಪಾರ್ಲರ್ ಅಕ್ಕ ಕಣ್ಣೊರೆಸಿಕೊಂಡು ಚಕಚಕನೆ ಫೋಟೋ ತೆಗೆದಳು.

"ಎಂಥಾ ತಾಯಿ!" ಮೇಷ್ಟ್ರು ಕೈ ಮುಗಿದರು. "ಏ ಲೈನ್‌ಮನ್, ಏಣಿ ಇಳಿಸಯ್ಯಾ!"

"ಎತ್ತಲೇ ಇಲ್ಲ ಆ ಹೆಂಗಸು" ಎಂದು ಗೊಣಗುತ್ತ ಲೈನ್‌ಮನ್ ಫೋನ್ ಕೆಳಗಿಳಿಸಿದ. ಕೇಕಮ್ಮನನ್ನು ಕಡಿಯಲು ಕಚೇರಿಯ ಅಪ್ಪಣೆ ಇರಲಿಲ್ಲವಾದ್ದರಿಂದ ಗಾಡಿ ಬಂದ ದಾರಿಯಲ್ಲೇ ಹೋಯಿತು.

ಆ ಹೊತ್ತಿಗೆ ಬೀದಿಯ ತುದಿಯ ಅಂಗಡಿಯಿಂದ ಗಂಡ ಓಡಿಬಂದ. ಮರವನ್ನು ಇನ್ನೂ ತಬ್ಬಿಕೊಂಡೇ ಇದ್ದ ಹೆಂಡತಿಯನ್ನು ಕಂಡು ನಿಂತುಬಿಟ್ಟ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ.

"ನಿಂಗೂ ಇದು ಇಷ್ಟು ಇಷ್ಟ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ" ಅಂದ. ಹತ್ತಿರ ಬಂದು ಅವಳ ತಲೆಯತ್ತ ಮೆಲ್ಲಗೆ ಕೈ ಚಾಚಿದ. ಕೊನೆಗೂ ಕೂದಲು ಕಂಡಿತು ಎಂದುಕೊಂಡು ಅವಳು ಕಣ್ಣು ಮುಚ್ಚಿದಳು.

"ಹೂವು ಸಿಕ್ಕಿಕೊಂಡಿತ್ತು" ಅಂದ ಅವನು. ಬಾಡದ ಹಾಗೆ ಹುಷಾರಾಗಿ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಮೇಷ್ಟ್ರು ನಿಂತ ನಿಲುವಿನಲ್ಲೇ ಸಭೆ ಮಾಡಿ, ಇಂದಿನಿಂದ ಈ ಮರದ ಹೊಣೆ ಕೇಕಮ್ಮನದೇ, ಬೇಸಗೆ ಮುಗಿಯುವ ತನಕ ದಿನಾ ಸಂಜೆ ನೀರು ಹಾಕುವ ಗೌರವವೂ ಅವಳದೇ ಎಂದು ಸಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಖದ ತುಂಬ ಕ್ರೀಮು ಮೆತ್ತಿಕೊಂಡಿದ್ದ ಕೇಕಮ್ಮ ನಕ್ಕಳು. ಅಳುವುದಕ್ಕೆ ಅದು ಜಾಗವಾಗಿರಲಿಲ್ಲ.

ಸಂಜೆ ಕೇಕನ್ನು ಕಳಿಸಿ ಕೂತಿದ್ದಳು. ಪಾರ್ಲರ್ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಅವಳ ಮುಖ ಹುಣಸೆಹಣ್ಣು ತಿಂದ ಹಾಗಿತ್ತು.

"ಪುಣ್ಯವಂತೆ ನೀವು, ಅಕ್ಕಾ. ನಾನು ಕಳಿಸಿದ ಫೋಟೋನ ನಿಮ್ಮ ಯಜಮಾನ್ರು ತಮ್ಮ ಫೋನಿನ ಪರದೆ ಮೇಲೇ ಹಾಕ್ಕೊಂಡಿದ್ದಾರಂತೆ! ಅಂಗಡಿಗೆ ಬಂದೋರಿಗೆಲ್ಲ ತೋರಿಸ್ತಾ 'ಏನ್ ಚಂದ, ಏನ್ ಚಂದ' ಅಂತಿದ್ದಾರಂತೆ. ನಮ್ಮವರ ಫೋನಲ್ಲಿ ಏನಿದೆ ಗೊತ್ತಾ? ಅವರ ಬೈಕು. ಅದ್ರ ಮೇಲೆ ಕೂತಿರೋಳಾದ್ರೂ ನಾನಾ ಅಂದ್ರೆ, ಅದೂ ಇಲ್ಲ. ಬರೀ ಬೈಕು!"

ಪಾರ್ಲರ್ ಅಕ್ಕ ಹೋದ ಮೇಲೆ ಕೇಕಮ್ಮ ಮುಖ ತೊಳೆದು, ಕೂದಲು ಬಾಚಿ, ಬಾಲ್ಕನಿಯಲ್ಲಿ ಒಣಗಿದ್ದ ಹೊದಿಕೆಗಳನ್ನೆಲ್ಲ ತೆಗೆದಿಟ್ಟಳು. ಮರದ ಕಡೆ ಒಂದು ಸಲ ನೋಡಿದಳು. ಸೋತವಳನ್ನು ಕ್ಷಮಿಸುವ ನೋಟ ಅದು. "ನೀನೂ ಇರು, ಪರವಾಗಿಲ್ಲ" ಅಂದಳು.

ಗಂಡ ಚಪ್ಪಲಿ ಬಿಡುವ ಮೊದಲೇ ಕೈ ಚಾಚಿದಳು. "ಎಲ್ಲಿ ರೀ, ನೋಡೋಣ."

ಅವನು ಹೆಮ್ಮೆಯಿಂದ ಫೋನ್ ಕೊಟ್ಟ. ಪರದೆಯ ತುಂಬ ಹೂವು. ಮೇಲೆ ಹೂವು, ಕೆಳಗೆ ಹೂವು, ಉದುರುತ್ತಿರುವ ಹೂವು. ಅವಳು ಹುಡುಕಿದಳು. ಎಡಗಡೆಯ ಅಂಚಿನಲ್ಲಿ, ಕಾಂಡದ ಗಂಟಿನ ಹಾಗೆ, ಕ್ರೀಮು ಮೆತ್ತಿದ ಒಂದು ಮೊಣಕೈ ಕಂಡಿತು.

"ನಾನೆಲ್ಲಿ?"

"ಇದ್ದೀಯಲ್ಲಾ, ಅಗೋ ಅಲ್ಲಿ" ಅಂದ ಗಂಡ. "ಪರದೆ ಚಿಕ್ಕದು ನೋಡು, ನೀನಿದ್ರೆ ಹೂವು ಪೂರ್ತಿ ಬರ್ತಿರ್ಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿಸಿದೆ, ಅಷ್ಟೇ."

ಎದುರು ಕಿಟಕಿಯಲ್ಲಿ ಪಾರ್ಲರ್ ಅಕ್ಕ ನಿಂತಿದ್ದಳು. ಗಂಡ ಹೆಂಡತಿ ತಲೆಗೆ ತಲೆ ಕೂಡಿಸಿ ಒಂದೇ ಫೋನ್ ನೋಡುತ್ತಿರುವುದನ್ನು ಕಂಡು ಅವಳ ಮುಖ ಇನ್ನಷ್ಟು ಹುಳಿಯಾಯಿತು. ಬೆಳಿಗ್ಗೆ ಕನ್ನಡಿ ನೋಡಿಕೊಂಡಾಗ ತನಗೇ ಕಂಡಿದ್ದ ಮುಖ ಅದು, ಗುರುತು ಹಿಡಿಯಲು ಕೇಕಮ್ಮನಿಗೆ ಕಷ್ಟವಾಗಲಿಲ್ಲ.

ಹೊಸ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಆ ಕಿಟಕಿಯತ್ತ ಚಂದವಾಗಿ ಕೈಬೀಸಿದಳು. ಆಮೇಲೆ ಬಕೆಟ್ ಎತ್ತಿಕೊಂಡು, ಸವತಿಗೆ ನೀರು ಹೊಯ್ಯಲು ಕೆಳಗಿಳಿದಳು.